ದಂಡಿನ ಅಂಚೆ: ಕಲ್ಲಿನ ಮೇಲೊಂದು ಹೆಸರು, ಕಾಗದದ ಮೇಲೊಂದು ಹೆಸರು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರು ಮತ್ತು ಸೈನಿಕರ ನಂಟಿನ ಬಗ್ಗೆಯೇ ಇವೆ. ಹೊಸ ಓದುಗರಿಗಾಗಿ ನನ್ನ ಪರಿಚಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದ ಟೀಚರ್. ಅಪ್ಪ ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರ್ ಆಗಿದ್ದರು. ತಿಪಟೂರು ಕಡೆಯ ಹಳ್ಳಿಯಿಂದ 1963ರಲ್ಲಿ ಬಂದು ಸೇರಿದವರು. ನಾನು ಆಡಿ ಬೆಳೆದದ್ದು ಅಲಸೂರು ಕೆರೆಯ ಹತ್ತಿರದ ಫ್ಯಾಮಿಲಿ ಕ್ವಾರ್ಟರ್ಸ್‌ನಲ್ಲಿ. ಈಗ ಪ್ರತಿ ಶನಿವಾರ ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಕೂತು, ಮಾಜಿ ಸೈನಿಕರ ಮನೆಯವರಿಗೆ ಅರ್ಜಿ ಬರೆದುಕೊಡುತ್ತೇನೆ. ಈ ಅಂಕಣದಲ್ಲಿ ನಾನು ಹೇಳುವುದೆಲ್ಲ ಆ ಎರಡು ಜಾಗಗಳಿಂದ ಬಂದದ್ದು.

*ಪ್ರಶ್ನೆ: ರೈಲಿನಲ್ಲಿ ಬರುವಾಗ ‘ಬೆಂಗಳೂರು ದಂಡು’ ಅನ್ನೋ ಬೋರ್ಡ್ ನೋಡಿ ನನ್ನ ಮಗಳು ಹಾಗಂದ್ರೆ ಏನು ಅಂತ ಕೇಳಿದಳು. ನನಗೆ ಹೇಳೋಕೆ ಬರಲಿಲ್ಲ. ಈ ಹೆಸರು ಹೇಗೆ ಬಂತು ಟೀಚರ್?*
– ಓದುಗರೊಬ್ಬರು, ಬಂಗಾರಪೇಟೆ

ದಂಡು ಅಂದರೆ ಸೈನ್ಯ. ನಮ್ಮ ಹಳೆಯ ಮಾತು. ದಂಡು ಬಂತು, ದಂಡು ಇಳಿಯಿತು, ದಂಡಿಗೆ ಹೋದ ಅಂತ ಹಳ್ಳಿಗಳಲ್ಲಿ ಅಜ್ಜಿಯರು ಈಗಲೂ ಹೇಳುತ್ತಾರೆ. ಇಂಗ್ಲಿಷಿನವರು ಕಂಟೋನ್ಮೆಂಟ್ ಅಂದದ್ದನ್ನು ನಮ್ಮ ಜನ ದಂಡು ಅಂದರು. ಆ ಹೆಸರೇ ಬೋರ್ಡಿನ ಮೇಲೆ ಉಳಿದಿದೆ. ನನಗೆ ಆ ಬೋರ್ಡ್ ಕಂಡರೆ ತುಂಬ ಖುಷಿ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ತಮ್ಮ ಪಡೆಯನ್ನು ಅಲ್ಲೇ ಇಟ್ಟಿದ್ದರು. ಆದರೆ ಅಲ್ಲಿ ಚಳಿಜ್ವರ. ಸಿಪಾಯಿಗಳು ಸುಮ್ನೆ ಮಲಗಿದಲ್ಲೇ ಸಾಯತೊಡಗಿದರು. ಎತ್ತರದ ಜಾಗ, ತಂಪು ಹವೆ, ಒಳ್ಳೆ ನೀರು ಹುಡುಕಿಕೊಂಡು ಬಂದವರು 1809ರಲ್ಲಿ ಅಲಸೂರಿನ ಪಕ್ಕದಲ್ಲಿ ದಂಡು ಹೂಡಿದರು. ಆಗ ಬೆಂಗಳೂರು ಅಂದರೆ ಕೋಟೆ ಮತ್ತು ಪೇಟೆ. ದಂಡು ಬೇರೆಯದೇ ಊರು. ಸಿಪಾಯಿಗಳು ಬಂದರೆ ಅವರ ಜೊತೆ ಯಾರೆಲ್ಲ ಬರಬೇಕು ಯೋಚಿಸಿ. ಬಟ್ಟೆ ಹೊಲಿಯುವವರು, ಬೂಟು ಹೊಲಿಯುವವರು, ಕುದುರೆಗೆ ಲಾಳ ಹೊಡೆಯುವವರು, ಅಡುಗೆಯವರು, ಅಗಸರು, ಹುಲ್ಲು ಮಾರುವವರು. ತಮಿಳು, ತೆಲುಗು, ಉರ್ದು ಮಾತಾಡುವ ಆ ಎಲ್ಲರೂ ಇಲ್ಲಿಯವರೇ ಆಗಿಹೋದರು. ಇನ್‌ಫೆಂಟ್ರಿ ರೋಡ್, ಬ್ರಿಗೇಡ್ ರೋಡ್, ಆರ್ಟಿಲರಿ ರೋಡ್ ಈಗಲೂ ಇವೆ. ಕ್ಯಾವಲ್ರಿ ರೋಡ್ ಈಗ ಕಾಮರಾಜ ರಸ್ತೆ. ಕವಾಯತು ಮೈದಾನದ ದಕ್ಷಿಣದ ಸೌತ್ ಪೆರೇಡ್ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆ ಆಯಿತು.

1864ರಲ್ಲಿ ಜೋಲಾರಪೇಟೆಯಿಂದ ರೈಲು ಬಂದಾಗ ಅದು ಮೊದಲು ಮುಟ್ಟಿದ್ದು ದಂಡನ್ನೇ. 1881ರಲ್ಲಿ ಮೈಸೂರು ಅರಸರಿಗೆ ರಾಜ್ಯ ವಾಪಸ್ ಕೊಟ್ಟರೂ ದಂಡನ್ನು ಮಾತ್ರ ಬ್ರಿಟಿಷರು 1947ರವರೆಗೂ ಕೈಯಲ್ಲೇ ಇಟ್ಟುಕೊಂಡರು. ಎರಡೂ ಊರು ಒಂದೇ ಕಾರ್ಪೊರೇಷನ್ ಕೆಳಗೆ ಬಂದದ್ದು 1949ರಲ್ಲಿ. ಆದರೂ ನಮ್ಮ ಕ್ವಾರ್ಟರ್ಸ್‌ನಲ್ಲಿ ಚಿಕ್ಕಪೇಟೆಗೆ ಹೊರಟವರು ‘ಸಿಟಿಗೆ ಹೋಗಿ ಬರ್ತೀನಿ’ ಅಂತಲೇ ಹೇಳುತ್ತಿದ್ದರು, ಬೇರೆ ಊರಿಗೆ ಹೊರಟ ಹಾಗೆ. ಮಗಳಿಗೆ ಇದನ್ನೂ ಹೇಳಿ.

*ಪ್ರಶ್ನೆ: ಹಾಗಾದರೆ ಬೆಂಗಳೂರಿಗೂ ಸೈನಿಕರಿಗೂ ನಂಟು ಬೆಳೆದದ್ದು ಬ್ರಿಟಿಷರಿಂದಲೇ ಅಲ್ವಾ? ಅದಕ್ಕೂ ಮೊದಲು ಇದು ವ್ಯಾಪಾರದ ಊರು ಮಾತ್ರ ಆಗಿತ್ತಲ್ಲ?*
– ಓದುಗರೊಬ್ಬರು, ರಾಜಾಜಿನಗರ

ಖಂಡಿತ ಅಲ್ಲ. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ! ನಿಮಗೆ ಒಂದು ಭಾನುವಾರ ಬಿಡುವು ಇದ್ದರೆ ಬೇಗೂರಿಗೆ ಹೋಗಿ ಬನ್ನಿ. ಅಲ್ಲಿಯ ನಾಗೇಶ್ವರ ದೇವಸ್ಥಾನದಲ್ಲಿ ಒಂದು ಶಾಸನ ಇದೆ. ಸುಮಾರು 890ನೇ ಇಸವಿಯದು, ಗಂಗರ ಕಾಲದ್ದು. ಅದರಲ್ಲಿ ‘ಬೆಂಗಳೂರು ಕಾಳಗ’ದ ಮಾತು ಬರುತ್ತದೆ. ನಾಗತ್ತರ ಎಂಬ ನಾಯಕನ ಕಡೆಯ ಬುಟ್ಟಣಸೆಟ್ಟಿ ಆ ಕಾಳಗದಲ್ಲಿ ಸತ್ತ ಅಂತ ಬರೆದಿದೆ.

ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮ ಊರಿನ ಹೆಸರು ನಮಗೆ ಸಿಕ್ಕಿರುವಷ್ಟರಲ್ಲಿ ಮೊಟ್ಟಮೊದಲು ಕಾಣಿಸುವುದು ಈ ಕಲ್ಲಿನಲ್ಲೇ. ಬೇಯಿಸಿದ ಕಾಳಿನ ಕಥೆ ಎಲ್ಲರಿಗೂ ಗೊತ್ತು. ಅದಕ್ಕಿಂತ ಹಳೆಯದಾದ ಈ ಕಲ್ಲು ಹೇಳುವುದು, ಕಾಳಗದಲ್ಲಿ ಸತ್ತ ಒಬ್ಬ ಮನುಷ್ಯನ ಸುದ್ದಿ. ಊರಿನ ಹೆಸರೂ ಅವನ ಹೆಸರೂ ಒಟ್ಟಿಗೇ ನಮಗೆ ಸಿಕ್ಕಿವೆ. ಕಳೆದ ವರ್ಷ ಲೈಬ್ರರಿಗೆ ಬರುವ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಬ್ಬ ಹುಡುಗಿ ‘ಅವನ ಅಮ್ಮನ ಹೆಸರು ಬರೆದಿಲ್ವಾ?’ ಅಂತ ಕೇಳಿದಳು. ನನ್ನ ಗಂಟಲು ಕಟ್ಟಿತು.

ಹೆಬ್ಬಾಳದಲ್ಲಿ ಇನ್ನೂ ಹಳೆಯದು ಇದೆ. ಗಂಗ ಅರಸ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು. ಸುಮಾರು 750ನೇ ಇಸವಿಯದು. ರಾಷ್ಟ್ರಕೂಟರ ದಂಡು ಬಂದಾಗ ಕಾದಾಡಿ ಸತ್ತವನು ಕಿತ್ತಯ್ಯ. ಆ ಕಲ್ಲು ಜನರ ಕಣ್ಣಿಗೆ ಬಿದ್ದದ್ದೇ 2018ರಲ್ಲಿ, ರಸ್ತೆ ಪಕ್ಕದ ಮಣ್ಣಿನಲ್ಲಿ. ಊರಿನವರು, ಶಾಸನಪ್ರೇಮಿಗಳು ಸೇರಿ ಅದಕ್ಕೊಂದು ಮಂಟಪ ಕಟ್ಟಿದರು. ಸಾವಿರದ ಇನ್ನೂರೈವತ್ತಕ್ಕೂ ಜಾಸ್ತಿ ವರ್ಷವಾದ ಮೇಲೆ ಒಬ್ಬ ಯೋಧನಿಗೆ ಊರು ಮತ್ತೆ ನೆರಳು ಮಾಡಿಕೊಟ್ಟಿತು. ನೆಹರೂ ತಾರಾಲಯದ ಹತ್ತಿರದ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ನಿಲ್ಲಿಸಿರುವ ಎತ್ತರದ ಒಂದೇ ಕಲ್ಲನ್ನೂ ‘ವೀರಗಲ್ಲು’ ಅಂತಲೇ ಕರೆಯುತ್ತಾರೆ. ಆ ಹೆಸರು ಇಟ್ಟವರಿಗೆ ನನ್ನ ನಮಸ್ಕಾರ.

*ಪ್ರಶ್ನೆ: ಕಾರ್ಪೊರೇಷನ್ ಕಚೇರಿ ಮುಂದೆ ಮೊದಲು ಒಂದು ಯುದ್ಧ ಸ್ಮಾರಕ ಇತ್ತಂತೆ. ಅದನ್ನು ಕೆಡವಿದ್ದು ತಪ್ಪಲ್ಲವೇ?*
– ಓದುಗರೊಬ್ಬರು, ಬಸವನಗುಡಿ

ಅದು 1791ರಲ್ಲಿ ಬ್ರಿಟಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ಕೈಯಿಂದ ಬೆಂಗಳೂರು ಕೋಟೆ ಹಿಡಿದಾಗ ಬ್ರಿಟಿಷ್ ಕಡೆ ಸತ್ತವರ ನೆನಪಿನ ಕಂಬ. ಕನ್ನಡ ಚಳವಳಿಗಾರರ ಒತ್ತಾಯದ ಮೇಲೆ 1964ರಲ್ಲಿ ಅದನ್ನು ತೆಗೆದರು. ಕೋಟೆ ಉಳಿಸಿಕೊಳ್ಳಲು ಹೋರಾಡಿ ಅದೇ ವರ್ಷ ಮಾರ್ಚ್ 21ರ ರಾತ್ರಿ ಸತ್ತ ಕಿಲ್ಲೇದಾರ, ಅಂದರೆ ಕೋಟೆಯ ಮುಖ್ಯಸ್ಥ, ಬಹಾದುರ್ ಖಾನ್‌ಗೆ ಅಂಥ ಕಂಬ ಯಾರೂ ಕಟ್ಟಿರಲಿಲ್ಲ. ಆಗಿನವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನನ್ನನ್ನು ಕೇಳಿದರೆ, ಆ ಕಂಬವನ್ನು ಮ್ಯೂಸಿಯಮ್ಮಿನಲ್ಲಿ ಇಟ್ಟು, ಪಕ್ಕದಲ್ಲಿ ಬಹಾದುರ್ ಖಾನ್ ಹೆಸರನ್ನೂ ಕೆತ್ತಿಸಬೇಕಿತ್ತು.

*ಪ್ರಶ್ನೆ: ಹೈಫಾ ನಗರವನ್ನು ಮೈಸೂರು ಲ್ಯಾನ್ಸರ್ಸ್ ಒಬ್ಬರೇ ಗೆದ್ದರು ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ಇದು ನಿಜವೇ? ಇವರ ನೆನಪು ಬೆಂಗಳೂರಿನಲ್ಲಿ ಎಲ್ಲಾದರೂ ಇದೆಯೇ?*
– ಓದುಗರೊಬ್ಬರು, ಮೈಸೂರು

ಒಬ್ಬರೇ ಅಲ್ಲ. ಆದರೆ ನಿಜವಾಗಿ ನಡೆದದ್ದೇ ಎಷ್ಟು ದೊಡ್ಡದು ಅಂದರೆ ಅದಕ್ಕೆ ಏನನ್ನೂ ಸೇರಿಸುವ ಅಗತ್ಯ ಇಲ್ಲ.

ಮೊದಲ ಮಹಾಯುದ್ಧದಲ್ಲಿ ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಕುದುರೆ ಪಡೆಗಳು ಒಂದೇ ಬ್ರಿಗೇಡಿನಲ್ಲಿದ್ದವು. ಅದರ ಹೆಸರು 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನಲ್ಲಿರುವ ಹೈಫಾ ಮೇಲೆ ಹೋದದ್ದು ಜೋಧಪುರದವರು ಮತ್ತು ಮೈಸೂರಿನವರು. ಹೈದರಾಬಾದಿನವರಿಗೆ ಕೈದಿಗಳನ್ನು ನೋಡಿಕೊಳ್ಳುವ ಕೆಲಸ ಬಿದ್ದಿತ್ತು. ಊರಿನ ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ. ಹೊಳೆಯ ದಡ ಕುದುರೆ ಕಾಲು ಹೂತುಹೋಗುವಂಥ ಮರಳು. ಬೆಟ್ಟದ ಮೇಲೆ ತುರ್ಕಿಯವರ ತೋಪುಗಳು, ಕೆಳಗೆ ಮೆಷಿನ್ ಗನ್ನುಗಳು. ಮೈಸೂರಿನ ಒಂದು ಸ್ಕ್ವಾಡ್ರನ್ ಕಡಿದಾದ ಬೆಟ್ಟ ಹತ್ತಿ ಆ ತೋಪುಗಳ ಮೇಲೆ ಬಿತ್ತು. ಜೋಧಪುರದವರು ಕೆಳಗಿನಿಂದ ಊರೊಳಕ್ಕೆ ನುಗ್ಗಿದರು. ಮೈಸೂರಿನ ಉಳಿದವರು ಅವರ ಬೆನ್ನಿಗೇ ಹೋದರು. ಸಂಜೆಯೊಳಗೆ ಊರು ಕೈಗೆ ಬಂತು. ಸಿಕ್ಕ ಕೈದಿಗಳು 1350, ತೋಪುಗಳು 17. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಜೋಧಪುರದ ಪಡೆಯ ಮುಂದಾಳು ಮೇಜರ್ ದಳಪತ್ ಸಿಂಗ್ ಅಲ್ಲೇ ತೀರಿಕೊಂಡರು.

ಈ ಮೂರು ಸಂಸ್ಥಾನಗಳ ಪಡೆಗಳ ನೆನಪಿಗೆ ನಿಲ್ಲಿಸಿದ ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನ ಸವಾರನದು. 2018ರ ಜನವರಿಯಲ್ಲಿ ಆ ವೃತ್ತಕ್ಕೆ ಹೈಫಾ ಹೆಸರನ್ನೂ ಸೇರಿಸಿದರು. ಬೆಂಗಳೂರಿನಲ್ಲಿ ನೀವು ನೋಡಬೇಕಾದ ಜಾಗ ಜೆ.ಸಿ. ನಗರ, ಮುನಿರೆಡ್ಡಿಪಾಳ್ಯದ ಹತ್ತಿರ. ಅಲ್ಲಿ ಲ್ಯಾನ್ಸರ್ಸ್ ಸ್ಮಾರಕ ಇದೆ, ಯುದ್ಧದಲ್ಲಿ ತೀರಿಕೊಂಡವರ ಹೆಸರು ಕೆತ್ತಿದೆ. ನಾನು ಹೋದಾಗಲೆಲ್ಲ ಆ ಹೆಸರುಗಳನ್ನು ಗಟ್ಟಿಯಾಗಿ ಓದುತ್ತೇನೆ. ದಾರಿಹೋಕರು ಒಂದು ಕ್ಷಣ ನಿಂತು ನೋಡುತ್ತಾರೆ. ನೋಡಲಿ ಬಿಡಿ.

ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳ ಪಡೆಗಳು ಭಾರತದ ಸೈನ್ಯದಲ್ಲಿ ಸೇರಿಹೋದವು. ಮೈಸೂರು ಲ್ಯಾನ್ಸರ್ಸ್ ಬೇರೆ ಸಂಸ್ಥಾನಗಳ ಕುದುರೆ ಪಡೆಗಳ ಜೊತೆ 1953ರಲ್ಲಿ ಹುಟ್ಟಿದ 61ನೇ ಕ್ಯಾವಲ್ರಿಯಲ್ಲಿ ಬೆರೆತರು. ಮೈಸೂರಿನ ಕಾಲಾಳು ಪಡೆ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಇಷ್ಟನ್ನು ವಾಟ್ಸ್ಆ್ಯಪ್‌ಗೆ ಹಾಕಿ. ಜೋಧಪುರದವರ ಹೆಸರು ಮಾತ್ರ ಬಿಡಬೇಡಿ.

*ಪ್ರಶ್ನೆ: ಅಜ್ಜಿ, ಮದ್ರಾಸ್ ಸ್ಯಾಪರ್ಸ್ ಅವರನ್ನು ‘ತಂಬಿ’ ಅಂತ ಯಾಕೆ ಕರೀತಾರೆ? ಅವರು ಗುಂಡು ಹಾರಿಸ್ತಾರಾ ಅಥವಾ ರೋಡ್ ಮಾಡ್ತಾರಾ?*
– 7ನೇ ತರಗತಿಯ ಹುಡುಗ, ಹೊಸಕೋಟೆ

ಎರಡೂ ಮಾಡ್ತಾರೆ ಪುಟ್ಟಾ. ತಂಬಿ ಅಂದರೆ ತಮಿಳಿನಲ್ಲಿ ತಮ್ಮ. ಈ ಪಡೆ 1780ರಲ್ಲಿ ಮದ್ರಾಸಿನ ಕಡೆ ಹುಟ್ಟಿತು. ಆಮೇಲೆ ಬೆಂಗಳೂರೇ ಅದರ ಮನೆಯಾಯಿತು. ಕನ್ನಡದವರು, ತೆಲುಗಿನವರು, ಮಲಯಾಳದವರು ಯಾರೇ ಸೇರಿದರೂ ಅಲ್ಲಿ ತಂಬಿಯೇ. ನಮ್ಮಪ್ಪನೂ ತಂಬಿಯೇ. ಸೈನ್ಯ ಮುಂದೆ ಹೋಗಬೇಕಾದರೆ ಸೇತುವೆ ಕಟ್ಟುವುದು, ನೆಲದಲ್ಲಿ ಹೂತಿಟ್ಟ ಮೈನ್ ತೆಗೆಯುವುದು, ಮುಳ್ಳುತಂತಿ ಒಡೆಯುವುದು ಇವರ ಕೆಲಸ.

ನಿನಗೆ ಇಷ್ಟವಾಗುವ ಒಂದು ಸಂಗತಿ ಹೇಳುತ್ತೇನೆ. ಮುಳ್ಳುತಂತಿ ಬೇಲಿಯನ್ನು ದೂರದಿಂದ ಹಾರಿಸಲು ಉದ್ದದ ಕೊಳವೆಯೊಳಗೆ ಮದ್ದು ತುಂಬಿ, ಒಂದಕ್ಕೊಂದು ಕೊಳವೆ ಜೋಡಿಸಿ ತಳ್ಳುವ ಉಪಾಯ ಕಂಡುಹಿಡಿದದ್ದು ಇಲ್ಲೇ, 1912ರಲ್ಲಿ. ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಮಾಡಿದ್ದು. ಅದರ ಹೆಸರು ಬೇರೆ ದೇಶಗಳ ಸೈನ್ಯಗಳಲ್ಲೂ ‘ಬ್ಯಾಂಗಲೋರ್ ಟಾರ್ಪಿಡೊ’. 1944ರಲ್ಲಿ ಫ್ರಾನ್ಸಿನ ಕಡಲ ದಡದಲ್ಲಿ ಇಳಿದ ಸೈನಿಕರ ಕೈಯಲ್ಲೂ ಇತ್ತು. ಅದೇ ವರ್ಷದ ಫೆಬ್ರುವರಿಯಲ್ಲಿ ಇಟಲಿಯಲ್ಲಿ ಸುಬೇದಾರ್ ಸುಬ್ರಮಣಿಯನ್ ಅನ್ನುವ ತಂಬಿ, ಸಿಡಿಯಲಿದ್ದ ಮೈನ್ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದರು. ಜಾರ್ಜ್ ಕ್ರಾಸ್ ಪದಕ ಪಡೆದ ಮೊದಲ ಭಾರತೀಯ ಅವರು. ಅವರ ಹೆಸರನ್ನು ನಿನ್ನ ನೋಟ್‌ಬುಕ್ಕಿನಲ್ಲಿ ಬರೆದುಕೋ.

*ಪ್ರಶ್ನೆ: ನಮ್ಮ ತಾತನ ಟ್ರಂಕಿನಲ್ಲಿ ನಕ್ಷತ್ರದ ಆಕಾರದ ಪದಕ ಸಿಕ್ಕಿದೆ. ಆರು ಮೂಲೆ. ಪಟ್ಟಿಯ ನಡುವೆ ಅಗಲವಾದ ಕೆಂಪು, ಎರಡೂ ಕಡೆ ನೀಲಿ, ನೀಲಿಯ ನಡುವೆ ಸಣ್ಣ ಕಿತ್ತಳೆ ಗೆರೆ. ತಾತನ ಅಣ್ಣನೂ ಮಿಲಿಟರಿಗೆ ಹೋಗಿದ್ದರಂತೆ, ವಾಪಸ್ ಬರಲಿಲ್ಲವಂತೆ. ಇವರ ಬಗ್ಗೆ ತಿಳಿಯೋದು ಹೇಗೆ?*
– ಓದುಗರೊಬ್ಬರು, ಚಿಕ್ಕನಾಯಕನಹಳ್ಳಿ

ನಿಮ್ಮ ಪತ್ರ ಓದಿ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಅದು ಬರ್ಮಾ ಸ್ಟಾರ್. 1941ರ ಡಿಸೆಂಬರಿನಿಂದ 1945ರ ಸೆಪ್ಟೆಂಬರಿನವರೆಗೆ ಬರ್ಮಾ ಯುದ್ಧದಲ್ಲಿ ಇದ್ದವರಿಗೆ ಕೊಟ್ಟದ್ದು. ಎರಡನೇ ಮಹಾಯುದ್ಧದಲ್ಲಿ 25 ಲಕ್ಷಕ್ಕೂ ಹೆಚ್ಚು ಭಾರತೀಯರು ಸೈನ್ಯದಲ್ಲಿದ್ದರು. ನಮ್ಮ ಸೀಮೆಯ ಎಷ್ಟೋ ಮನೆಗಳ ಅಟ್ಟದ ಮೇಲೆ ಇಂಥ ಟ್ರಂಕುಗಳಿವೆ.

ಮೊದಲು ಪದಕವನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ದಯವಿಟ್ಟು! ಹಿಂದಿನ ಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಭಾರತದ ಸಿಪಾಯಿಗಳಿಗೆ ಕೊಟ್ಟ ಸ್ಟಾರ್‌ಗಳ ಮೇಲೆ ಸಾಮಾನ್ಯವಾಗಿ ನಂಬರ್, ಹೆಸರು, ಪಡೆ ಕೆತ್ತಿರುತ್ತಾರೆ. ಉಜ್ಜಿದರೆ ಹೋಗುವುದು ಅದೇ. ಟ್ರಂಕಿನಲ್ಲಿ ಡಿಸ್ಚಾರ್ಜ್ ಸರ್ಟಿಫಿಕೇಟ್ ಇದೆಯಾ ಹುಡುಕಿ. ಬಟ್ಟೆಗಳ ಅಡಿಗೆ ಹಾಸಿದ ಕಾಗದದ ಕೆಳಗೂ ನೋಡಿ, ಹಳೆಯವರು ಅಲ್ಲೇ ಇಡುತ್ತಿದ್ದರು. ಸರ್ವಿಸ್ ನಂಬರ್ ಒಂದು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಅದನ್ನು ಬರೆದು ಆ ಪಡೆಯ ರೆಕಾರ್ಡ್ಸ್ ಆಫೀಸಿಗೆ ಪತ್ರ ಹಾಕಿ. ಮದ್ರಾಸ್ ಸ್ಯಾಪರ್ಸ್ ಆದರೆ ರೆಕಾರ್ಡ್ಸ್ ಬೆಂಗಳೂರಿನಲ್ಲೇ ಇದೆ. ಯುದ್ಧ ಮುಗಿದ ಮೇಲೆ ಪಿಂಚಣಿ ಇಲ್ಲದೆ ಮನೆಗೆ ಬಂದವರ ಕಾಗದಪತ್ರಗಳನ್ನು ಬಹಳ ವರ್ಷ ಇಟ್ಟಿರುವುದಿಲ್ಲ. ಆದ್ದರಿಂದ ಆಸೆಯನ್ನು ಹಿಡಿತದಲ್ಲಿ ಇಟ್ಟುಕೊಂಡೇ ಬರೆಯಿರಿ.

ತಾತನ ಅಣ್ಣನ ವಿಷಯ ಬೇರೆ. ಯುದ್ಧದಲ್ಲಿ ತೀರಿಕೊಂಡವರ ಹೆಸರುಗಳನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಜೋಪಾನ ಮಾಡಿದೆ. ಅವರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಬರ್ಮಾದಲ್ಲಿ ಸಮಾಧಿ ಇಲ್ಲದವರ ಹೆಸರುಗಳು ರಂಗೂನ್ ಹತ್ತಿರದ ತೌಕ್‌ಕ್ಯಾನ್‌ನಲ್ಲಿ ಕಲ್ಲಿನ ಕಂಬಗಳ ಮೇಲೆ ಇವೆ. ಸುಮಾರು 27,000 ಹೆಸರುಗಳು. ಹುಡುಕುವಾಗ ಹೆಸರನ್ನು ನಾಲ್ಕೈದು ರೀತಿ ಬರೆದು ನೋಡಿ. ಬರೆದ ಕ್ಲರ್ಕ್ ಕನ್ನಡದವನಲ್ಲ. ನಂಜಪ್ಪ ಅನ್ನುವುದು ಅವನ ಕಿವಿಗೆ ಹೇಗೆ ಕೇಳಿಸಿತೋ ಹಾಗೆ ಬರೆದಿರುತ್ತಾನೆ. ತಂದೆಯ ಹೆಸರು, ಊರಿನ ಹೆಸರು ಕೂಡ ಎಷ್ಟೋ ಸಲ ಜೊತೆಗಿರುತ್ತದೆ. ಸಿಕ್ಕರೆ ನನಗೆ ಖಂಡಿತ ಬರೆಯಿರಿ.

*ಪ್ರಶ್ನೆ: ಬೆಂಗಳೂರನ್ನು ಪಿಂಚಣಿದಾರರ ಸ್ವರ್ಗ ಅನ್ನುತ್ತಿದ್ದರು. ಮಿಲಿಟರಿಯವರು ಇಲ್ಲೇ ಏಕೆ ಉಳಿಯುತ್ತಾರೆ?*
– ಓದುಗರೊಬ್ಬರು, ದಾವಣಗೆರೆ

ಹವೆ ಒಂದೇ ಕಾರಣ ಅಲ್ಲ. ಕಮಾಂಡ್ ಆಸ್ಪತ್ರೆ ಇದೆ, ಕ್ಯಾಂಟೀನ್ ಇದೆ, ಮಕ್ಕಳಿಗೆ ಶಾಲೆ ಇದೆ. ಸಿಪಾಯಿಗಳ ಮಕ್ಕಳಿಗಾಗಿಯೇ 1946ರಲ್ಲಿ ಶುರುವಾದ ಮಿಲಿಟರಿ ಶಾಲೆ ಹೊಸೂರು ರಸ್ತೆಯ ಕಡೆ ಈಗಲೂ ನಡೆಯುತ್ತಿದೆ. ಮುಖ್ಯವಾದದ್ದು ಕೆಲಸ. ಸೈನ್ಯದಿಂದ ಬರುವ ಹವಾಲ್ದಾರನಿಗೆ ನಲವತ್ತೋ ನಲವತ್ತೈದೋ ವಯಸ್ಸು. ಮಕ್ಕಳ ಓದು ಆಗಷ್ಟೇ ಶುರು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಇದ್ದ ಊರಿನಲ್ಲಿ ಕೈಕೆಲಸ ಕಲಿತವನಿಗೆ ಎಲ್ಲೋ ಒಂದು ಕಡೆ ಜಾಗ ಸಿಗುತ್ತಿತ್ತು. ನಮ್ಮಪ್ಪ 1984ರಲ್ಲಿ ಮನೆಗೆ ಬಂದು, ಎರಡೇ ತಿಂಗಳಿಗೆ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂತರು. ಹದಿನಾಲ್ಕು ವರ್ಷ ಕೂತರು. 1971ರಲ್ಲಿ ರಾತ್ರಿಯೆಲ್ಲ ನೀರಲ್ಲಿ ನಿಂತು ಸೇತುವೆ ಜೋಡಿಸಿದ ಮನುಷ್ಯ. ಬ್ಯಾಂಕಿಗೆ ಬರುತ್ತಿದ್ದವರಿಗೆ ಅದು ಗೊತ್ತಿರಲಿಲ್ಲ. ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಇರುವವರನ್ನು ‘ಯಾವ ಪಡೆಯಲ್ಲಿದ್ರಿ?’ ಅಂತ ಒಮ್ಮೆ ಕೇಳಿ ನೋಡಿ.

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರಿಗೆ ಈ ಕಷ್ಟ ಚೆನ್ನಾಗಿ ಗೊತ್ತಿತ್ತು. ಮಾಜಿ ಸೈನಿಕರಿಗೆ ಒಂದು ಸಂಘ ಬೇಕು ಅಂತ 1964ರಲ್ಲಿ ಕಟ್ಟಿದವರು ಅವರೇ. ಅವರು ತೀರಿಕೊಂಡದ್ದೂ ಬೆಂಗಳೂರಿನಲ್ಲೇ, 1993ರಲ್ಲಿ. ಈಗ ರೆಸಿಡೆನ್ಸಿ ರಸ್ತೆಗೆ ಅವರದೇ ಹೆಸರು. ಸೈನಿಕ ಕಲ್ಯಾಣ ಇಲಾಖೆ ಇರುವ ಕಟ್ಟಡಕ್ಕೂ ಅವರದೇ ಹೆಸರು.

*ಪ್ರಶ್ನೆ: ನಮ್ಮ ಯಜಮಾನರು ನಾಯಕ್ ಆಗಿ ರಿಟೈರ್ ಆಗಿದ್ದರು. ಹೋದ ವರ್ಷ ತೀರಿಕೊಂಡರು. ಅವರ ಕಾಗದದಲ್ಲಿ ನನ್ನ ಹೆಸರು ಬೇರೆ ಥರ ಇದೆ, ಆಧಾರ್‌ನಲ್ಲಿ ಬೇರೆ. ಫ್ಯಾಮಿಲಿ ಪೆನ್ಷನ್ ನಿಂತುಹೋಗಿದೆ. ಒಬ್ಬರು 15,000 ಕೊಟ್ಟರೆ ಮಾಡಿಸಿಕೊಡ್ತೀನಿ ಅಂದಿದ್ದಾರೆ. ಕೊಡಲಾ ಮೇಡಂ?*
– ಓದುಗರೊಬ್ಬರು, ಅರಸೀಕೆರೆ ತಾಲ್ಲೂಕು

ಒಂದು ರೂಪಾಯಿಯನ್ನೂ ಕೊಡಬೇಡಿ ಅಕ್ಕಾ. ಇದು ನಿಮ್ಮದೇ ಹಕ್ಕು. ಸ್ವಲ್ಪ ಓಡಾಟ ಇದೆ, ಆದರೆ ಆಗುತ್ತದೆ.

ನಮ್ಮ ಮನೆಯಲ್ಲಿ ಇದೇ ಆಗಿತ್ತು. 1998ರಲ್ಲಿ ಅಪ್ಪ ಹೋದರು. ಹದಿಮೂರನೇ ದಿನ ಕಳೆದ ಮೇಲೆ ಅಮ್ಮ ಕಬ್ಬಿಣದ ಪೆಟ್ಟಿಗೆಯಿಂದ ಕಾಗದ ತೆಗೆದರು. ನೋಡಿದರೆ ಅಮ್ಮನ ಹೆಸರಿನ ಕೊನೆಯ ‘ಅಮ್ಮ’ ಇಲ್ಲ. ಮದುವೆಯಾದಾಗ ಹೆಂಡತಿಯ ಹೆಸರು ದಾಖಲಾಗುವುದು ಪಾರ್ಟ್ ಟೂ ಆರ್ಡರ್‌ನಲ್ಲಿ, ಅಂದರೆ ಸಿಪಾಯಿಯ ಮನೆ ವಿವರ ಬರೆಯುವ ಪಡೆಯ ಆದೇಶದಲ್ಲಿ. ಬರೆದುಕೊಂಡವರು ಅಷ್ಟನ್ನು ಬಿಟ್ಟುಬಿಟ್ಟಿದ್ದಾರೆ. ಅಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಅಮ್ಮನಿಗೆ ಓದೇ ಬರುತ್ತಿರಲಿಲ್ಲ. ಮೂವತ್ತು ವರ್ಷ ಆ ಕಾಗದ ಹಾಗೇ ಇತ್ತು. ಕಚೇರಿಯೊಂದರಲ್ಲಿ ಅಮ್ಮನನ್ನು ‘ನೀವೇ ಅವರ ಹೆಂಡತಿ ಅನ್ನೋದಕ್ಕೆ ಏನು ಸಾಕ್ಷಿ?’ ಅಂತ ಕೇಳಿದರು. ಅಮ್ಮ ಏನೂ ಮಾತಾಡಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಬಂದು ಮರದ ಕೆಳಗೆ ಕೂತರು. ಸರಿಯಾಗಲು ಹದಿನಾಲ್ಕು ತಿಂಗಳು ಬೇಕಾಯಿತು. ಅಷ್ಟು ದಿನ ಅಮ್ಮ ಒಡವೆ ಇಟ್ಟು ತಮ್ಮನ ಫೀಸು ಕಟ್ಟಿದರು. ನಾನು ಶನಿವಾರ ಲೈಬ್ರರಿಯಲ್ಲಿ ಕೂರುವುದಕ್ಕೆ ಆ ಮರದ ನೆರಳೇ ಕಾರಣ.

ಈಗ ನೀವು ಮಾಡಬೇಕಾದದ್ದು. ಯಜಮಾನರ ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಕೊಡುವ ಆದೇಶ), ಮರಣ ಪತ್ರ, ನಿಮ್ಮ ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಎಲ್ಲದಕ್ಕೂ ಮೂರು ಮೂರು ಜೆರಾಕ್ಸ್ ಇರಲಿ. ಹಾಸನದಲ್ಲಿರುವ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಎರಡೂ ಹೆಸರು ನಿಮ್ಮದೇ ಅಂತ ಅಫಿಡವಿಟ್ ಮಾಡಿಸಲು ಹೇಳುತ್ತಾರೆ. ಅದರ ಜೊತೆ ಅರ್ಜಿ ಯಜಮಾನರ ರೆಕಾರ್ಡ್ಸ್ ಆಫೀಸಿಗೆ ಹೋಗಬೇಕು. ಅಲ್ಲಿಂದ ಹೆಸರು ತಿದ್ದುಪಡಿ ಆಗಿ, ಕಾರಿಜೆಂಡಮ್ ಪಿಪಿಒ, ಅಂದರೆ ತಿದ್ದಿದ ಪಿಂಚಣಿ ಆದೇಶ, ಬರುತ್ತದೆ. ಆ ಪದವನ್ನು ಬಾಯಿಪಾಠ ಮಾಡಿಕೊಳ್ಳಿ, ಕೌಂಟರಿನಲ್ಲಿ ಅದನ್ನೇ ಕೇಳಿ. ಈಗ ಪಿಂಚಣಿ ಎಲ್ಲ ‘ಸ್ಪರ್ಶ್’ ಎಂಬ ಸೈನಿಕ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಲ್ಲಿ ಇರುವುದರಿಂದ ಒಂದು ಅಕ್ಷರ ವ್ಯತ್ಯಾಸ ಇದ್ದರೂ ತಡೆಯುತ್ತದೆ. ಕೊಟ್ಟ ಪ್ರತಿ ಕಾಗದಕ್ಕೂ ಸೀಲ್ ಹಾಕಿಸಿಕೊಳ್ಳಿ. ತಡವಾಗಿ ಬಂದರೂ ನಿಮಗೆ ಸೇರಬೇಕಾದ ಬಾಕಿ ಹಣಕ್ಕೂ ಅದೇ ಅರ್ಜಿಯಲ್ಲಿ ಕೇಳಿಕೊಳ್ಳಿ. ಆಮೇಲೆ ಪ್ರತಿ ವರ್ಷ ಲೈಫ್ ಸರ್ಟಿಫಿಕೇಟ್ ಕೊಡುವುದನ್ನು ಮರೆಯಬೇಡಿ. ಒಬ್ಬರೇ ಹೋಗಬೇಡಿ, ಮಗನನ್ನೋ ತಮ್ಮನನ್ನೋ ಕರೆದುಕೊಂಡು ಹೋಗಿ.

ಯಾರಾದರೂ ‘ಏನು ಸಾಕ್ಷಿ’ ಅಂತ ಕೇಳಿದರೆ ಎದ್ದು ಬರಬೇಡಿ. ಅಲ್ಲೇ ಕುರ್ಚಿಯಲ್ಲಿ ಕೂತಿರಿ.

ಇದನ್ನು ಓದುತ್ತಿರುವ ಮಾಜಿ ಸೈನಿಕರೇ, ಇವತ್ತು ಸಂಜೆ ನಿಮ್ಮ ಡಿಸ್ಚಾರ್ಜ್ ಬುಕ್ ತೆಗೆಯಿರಿ. ಹೆಂಡತಿಯ ಆಧಾರ್ ಪಕ್ಕದಲ್ಲಿ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ತಪ್ಪಿದ್ದರೆ ನೀವು ಇರುವಾಗಲೇ ತಿದ್ದಿಸಿ. ನೀವು ಇದ್ದರೆ ಅದು ಒಂದು ಅರ್ಜಿ. ನೀವಿಲ್ಲದಿದ್ದರೆ ಆಕೆಗೆ ಅದು ಒಂದು ವರ್ಷದ ಅಳು.

*ಪ್ರಶ್ನೆ: ಬ್ರಿಗೇಡ್ ರೋಡ್ ಕೊನೆಯಲ್ಲಿರುವ ಕಲ್ಲಿನ ಕಂಬ ಯಾರದು? ದಿನಾ ಅದರ ಪಕ್ಕದಲ್ಲೇ ಬಸ್ಸಿನಲ್ಲಿ ಹೋಗುತ್ತೇನೆ, ಒಮ್ಮೆಯೂ ಇಳಿದು ನೋಡಿಲ್ಲ.*
– ಓದುಗರೊಬ್ಬರು, ಶಾಂತಿನಗರ

ಮದ್ರಾಸ್ ಪಯನಿಯರ್ಸ್ ಪಡೆಯವರ ನೆನಪಿನದು. ಮೊದಲ ಮಹಾಯುದ್ಧದಲ್ಲಿ ಸತ್ತವರಿಗಾಗಿ ನಿಲ್ಲಿಸಿದ್ದು. ಪಯನಿಯರ್‌ಗಳ ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದು ಕೈಯಲ್ಲಿ ಬಂದೂಕು. ದಾರಿ ಮಾಡುತ್ತಲೇ ಯುದ್ಧಕ್ಕೂ ನಿಲ್ಲುತ್ತಿದ್ದರು. ಇವರ 61ನೇ ಪಯನಿಯರ್ಸ್ 1914ರಲ್ಲಿ ಪೂರ್ವ ಆಫ್ರಿಕಾದ ಟಾಂಗಾ ತನಕ ಹೋಗಿತ್ತು. 1930ರ ದಶಕದಲ್ಲಿ ಖರ್ಚು ಕಡಿಮೆ ಮಾಡಲು ಸರಕಾರ ಆ ಪಡೆಯನ್ನೇ ಮುಚ್ಚಿಬಿಟ್ಟಿತು. ಆದ್ದರಿಂದ ಬೇರೆ ಪಡೆಗಳಿಗೆ ಇರುವ ಹಾಗೆ, ವರ್ಷಕ್ಕೊಮ್ಮೆ ಬಂದು ಹೂವಿಡಲು ಅವರದೇ ಹೆಸರಿನ ಒಂದು ಪಲ್ಟನ್ ಇವತ್ತು ಇಲ್ಲ. ಕಂಬ ಮಾತ್ರ ಟ್ರಾಫಿಕ್ ನಡುವೆ ನಿಂತಿದೆ.

ಭಾನುವಾರ ಬೆಳಗ್ಗೆ ಆರೂವರೆಗೆ ಇಳಿಯಿರಿ. ಆಗ ಗಾಡಿ ಕಡಿಮೆ. ನಾಲ್ಕೂ ಕಡೆ ಸುತ್ತಿ ಓದಲು ಹತ್ತು ನಿಮಿಷ ಸಾಕು. ಹಳೆಯ ಒಪೆರಾ ಹೌಸ್ ಎದುರಿನ ಫುಟ್‌ಪಾತಿನಿಂದ ದಾಟಿದರೆ ಸುಲಭ. ನಾನು ತಿಂಗಳ ಮೊದಲ ಭಾನುವಾರ ಅಲ್ಲಿಗೆ ಹೋಗುತ್ತೇನೆ. ಕೈಯಲ್ಲಿ ಸೇವಂತಿಗೆ ಇರುತ್ತದೆ, ಗುರುತು ಸಿಗುತ್ತದೆ.